ರಾಕೆಟ್ ಕೈಬಿಟ್ಟ ಮೇಲೆ ಹಾಸನ

ನಾನು ಹಾಸನದವನು. ಸಾಲಗಾಮೆ ರಸ್ತೆಯ ದೊಡ್ಡ ಆಂಟೆನಾಗಳನ್ನು ನೋಡುತ್ತ ಬೆಳೆದವನು. ಉಪಗ್ರಹದ ಚರಿತ್ರೆಯನ್ನು ಉಡಾವಣೆಯ ಬೆಂಕಿಯೊಂದಿಗೇ ಮುಗಿಸಿಬಿಡುವವರ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ರಾಕೆಟ್ಟಿನ ಕೆಲಸ ಅರ್ಧ ಗಂಟೆಯದು. ಅದು ಉಪಗ್ರಹವನ್ನು ಬಿಟ್ಟುಹೋಗುವುದು ಮೊಟ್ಟೆಯಾಕಾರದ ಕಕ್ಷೆಯಲ್ಲಿ. ಅದರ ಒಂದು ತುದಿ ಭೂಮಿಗೆ ಹತ್ತಿರ, ಇನ್ನೊಂದು ತುದಿ ಸುಮಾರು 36,000 ಕಿ.ಮೀ. ಮೇಲೆ. ಆ ಸುತ್ತನ್ನು ದುಂಡಗೆ ಮಾಡಿ, ಉಪಗ್ರಹವನ್ನು ಅದರ ಜಾಗಕ್ಕೆ ಮುಟ್ಟಿಸುವ ಹೊಣೆ ನೆಲದವರದು. ಆ ಆಂಟೆನಾಗಳಿರುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು 1982ರಿಂದ ಅದನ್ನೇ ಮಾಡುತ್ತ ಬಂದಿದ್ದಾರೆ.

ಆರಂಭವೇನೂ ಶುಭವಾಗಿರಲಿಲ್ಲ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಟ್ಟಿದ ಇನ್ಸಾಟ್-1ಎ ಉಪಗ್ರಹ ಆ ವರ್ಷದ ಏಪ್ರಿಲ್‌ನಲ್ಲಿ ಹಾರಿತು. ಸೆಪ್ಟೆಂಬರ್ ಹೊತ್ತಿಗೆ ಇಂಧನ ಬರಿದಾಗಿ ಕೈತಪ್ಪಿತು. ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆ ಇನ್ಸಾಟ್-1ಬಿಯನ್ನು ಹೊತ್ತೊಯ್ದರೆ, ಅದರ ಸೌರಫಲಕ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಎರಡನೆಯದೂ ಹೋಯಿತೆಂದರೆ ದೇಶದ ಟಿ.ವಿ., ಟೆಲಿಫೋನ್, ಹವಾಮಾನ ಚಿತ್ರಗಳ ಯೋಜನೆಯೇ ನಿಂತಂತೆ. ನೆಲದವರ ಪ್ರಯತ್ನದಿಂದ ಸೆಪ್ಟೆಂಬರ್ ನಡುವಿಗೆ ಫಲಕ ತೆರೆದುಕೊಂಡಿತು, ಅಕ್ಟೋಬರ್‌ನಲ್ಲಿ ಉಪಗ್ರಹ ಕೆಲಸಕ್ಕೆ ನಿಂತಿತು. ನಮ್ಮ ಹಳ್ಳಿಗಳ ಮಾಡುಗಳ ಮೇಲೆ ಟಿ.ವಿ. ಆಂಟೆನಾ ಮೂಡಿದ್ದು ಆಮೇಲೆಯೇ. ನನ್ನ ಮಟ್ಟಿಗೆ ಭಾರತದ ಬಾಹ್ಯಾಕಾಶ ಚರಿತ್ರೆಯ ಅತಿ ಮುಖ್ಯ ವಾರಗಳು ಅವು.

ಅದಕ್ಕೂ ಮುಂಚೆ, 1981ರಲ್ಲಿ, ಆ್ಯಪಲ್ ಎಂಬ ಉಪಗ್ರಹವಿತ್ತು. ಬೆಂಗಳೂರಿನಲ್ಲಿ ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರವನ್ನು ಎಲ್ಲರೂ ಬಲ್ಲರು. ಬಡತನದ ಗುರುತೆಂದು ಅದನ್ನು ತೋರಿಸಿದಾಗ ನನಗೆ ಬೇಸರವಾಗುತ್ತದೆ: ಲೋಹದ ವಾಹನದ ಅಡ್ಡಿಯಿಲ್ಲದೆ ಆಂಟೆನಾ ಪರೀಕ್ಷಿಸಲು ಮರದ ಗಾಡಿಯೇ ಬೇಕಿತ್ತು. ಆ್ಯಪಲ್‌ನ ತೂಕ 670 ಕಿಲೋ. ಫ್ರೆಂಚ್ ಗಯಾನಾದ ಕೂರೂನಿಂದ ಏರಿಯಾನ್ ರಾಕೆಟ್ ಅದನ್ನು ಎತ್ತಿತು.

ಅದೇ ಕೂರೂಗೆ 2018ರಲ್ಲಿ ಜಿಸ್ಯಾಟ್-11 ಉಪಗ್ರಹ ಹೋಯಿತು. ತೂಕ 5,854 ಕಿಲೋ. ನಮ್ಮ ಅತಿ ಬಲಶಾಲಿ ರಾಕೆಟ್ಟಿಗೆ ಆಗ ಆ ಮೊಟ್ಟೆಯಾಕಾರದ ಕಕ್ಷೆಗೆ ಸುಮಾರು ನಾಲ್ಕು ಟನ್ನಿಗಿಂತ ಹೆಚ್ಚು ಎತ್ತಲಾಗುತ್ತಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಉಪಗ್ರಹ, ಜಿಸ್ಯಾಟ್-6ಎ, ಸಂಪರ್ಕ ಕಡಿದುಕೊಂಡಿತು. ಅದೇ ತೊಂದರೆ ಇದಕ್ಕೂ ಬಾರದಿರಲೆಂದು, ಉಡಾವಣಾ ಕೇಂದ್ರದವರೆಗೆ ಹೋಗಿದ್ದ ಜಿಸ್ಯಾಟ್-11 ಅನ್ನು ಇನ್ನೊಮ್ಮೆ ಪರೀಕ್ಷಿಸಲು ಸಾಗರದಾಚೆಯಿಂದ ವಾಪಸು ತರಿಸಿದರು. ಹಾಗೆ ಮಾಡಲು ಧೈರ್ಯ ಬೇಕು. ಡಿಸೆಂಬರ್ 5ರ ನಸುಕಿನಲ್ಲಿ ಏರಿಯಾನ್-5 ಅದನ್ನು ಎತ್ತಿ ಬಿಟ್ಟಿತು. ಮುಂದೆ ಹಾಸನದ ಆಜ್ಞೆಯ ಮೇಲೆ ಎಂಜಿನ್ ಹಂತಹಂತವಾಗಿ ಉರಿದು, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದು ನೆಲೆಗೊಂಡಿತು.

2024ರ ನವೆಂಬರ್‌ನಲ್ಲಿ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಫ್ಲೋರಿಡಾದಿಂದ, ಸ್ಪೇಸ್‌ಎಕ್ಸ್‌ನ ಫಾಲ್ಕನ್-9ರಲ್ಲಿ ಹೋಯಿತು. ಬೇರ್ಪಟ್ಟ ಮೇಲೆ ಅದರ ಹಿಡಿತ ತೆಗೆದುಕೊಂಡದ್ದು ಸಾಲಗಾಮೆ ರಸ್ತೆಯವರೇ.