ಹೆಣ್ಣು ಗಿಡದ ಗಂಡು ಹೂವು

ಕೆ.ಆರ್. ಪೇಟೆ, ಪಾಂಡವಪುರದ ಕಡೆ ಪರಂಗಿ ಹಾಕಿದ ರೈತನಿಗೆ ನಾಟಿಯಿಂದ ಮೊದಲ ಮೊಗ್ಗಿನವರೆಗಿನ ತಿಂಗಳುಗಳು ಬರಿಯ ಕಾಯುವಿಕೆ. ಸಸಿ ನೋಡಿ ಗಂಡೋ ಹೆಣ್ಣೋ ಹೇಳಲಾಗದು. ಗಂಡು ಹೆಣ್ಣು ಬೇರೆಬೇರೆಯಾಗಿ ಹುಟ್ಟುವ ತಳಿಯಾದರೆ ಗುಂಡಿಗೆ ಎರಡು ಮೂರು ಸಸಿ ಇಟ್ಟು, ಹೂ ಬಂದ ಮೇಲೆ ಉದ್ದ ತೊಟ್ಟಿನ ಗೊಂಚಲು ಜೋತುಬಿದ್ದ ಗಂಡು ಗಿಡಗಳನ್ನು ಕಿತ್ತುಹಾಕಬೇಕು. ಪರಾಗಕ್ಕೆಂದು ಹತ್ತು ಹೆಣ್ಣಿಗೆ ಒಂದರಂತೆ ಗಂಡು ಉಳಿಸಿಕೊಳ್ಳುವುದು ರೂಢಿ. ರೆಡ್ ಲೇಡಿ, ಸೂರ್ಯ, ಕೂರ್ಗ್ ಹನಿಡ್ಯೂನಂಥ ತಳಿಗಳಲ್ಲಿ ಕಥೆಯೇ ಬೇರೆ. ಅಲ್ಲಿ ಗಂಡು ಗಿಡವೇ ಇಲ್ಲ. ಇರುವುದು ಹೆಣ್ಣು ಮತ್ತು ದ್ವಿಲಿಂಗಿ. ದುಂಡಗಿನ ಕಾಯಿ ಹೆಣ್ಣು ಗಿಡದ್ದು, ಪೇಟೆ ಕೇಳುವ ಉದ್ದನೆಯ ಕಾಯಿ ದ್ವಿಲಿಂಗಿಯದು.

ಪರಂಗಿಯಲ್ಲಿ ಹೀಗೆ ಬೇಕಾದದ್ದಾಗಿರುವ ದ್ವಿಲಿಂಗಿತನ ಇನ್ನೊಂದು ಗಿಡದಲ್ಲಿ ಬೆಳೆಗಾರರ ದೊಡ್ಡ ಭಯ. ಆ ಗಿಡ ಭಂಗಿ, ಅಂದರೆ ಗಾಂಜಾ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಬೆಳೆಯುವುದು ಅಪರಾಧ. ನಮ್ಮ ಮಂಡ್ಯ ಜಿಲ್ಲೆಯಲ್ಲೂ ಅಷ್ಟೇ. ಹಾಗಿದ್ದರೂ ಗಿಡಗಳಲ್ಲಿ ಗಂಡು ಹೆಣ್ಣು ಹೇಗೆ ತೀರ್ಮಾನವಾಗುತ್ತದೆ ಎಂಬ ವಿದ್ಯೆಯ ಒಂದು ಪಾಲು ಬೆಳೆದದ್ದು ಈ ಗಿಡದ ಮೇಲೆ. ಆ ವಿದ್ಯೆಗೆ ಒಂದು ಮುಖ್ಯ ತಿರುವು ಕೊಟ್ಟವರು ಮೈಸೂರಿನ ಕನ್ನಡಿಗ. ಅವರ ಮನೆತನದ ಊರು ಕೆ.ಆರ್. ಪೇಟೆಗೆ ನೆರೆಯ ಹೊಳೆನರಸೀಪುರ. ಈ ಸಂಗತಿ ನಮ್ಮ ಸೀಮೆಯಲ್ಲಿ ಹೆಚ್ಚು ಜನಕ್ಕೆ ತಿಳಿಯದೆ ಉಳಿದಿರುವುದು ನನಗೆ ನೋವಿನ ವಿಷಯ.

ಕಥೆ ಆರಂಭವಾಗುವುದು ಶ್ರೀರಂಗಪಟ್ಟಣಕ್ಕೆ ಚಿರಪರಿಚಿತವಾದ ಹಿಪ್ಪುನೇರಳೆಯಿಂದ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆಹುಳು ತರಿಸಿ ಈ ನೆಲದಲ್ಲಿ ರೇಷ್ಮೆ ಕೃಷಿಗೆ ನಾಂದಿ ಹಾಡುವುದಕ್ಕೆ ಸುಮಾರು ನೂರು ವರ್ಷ ಮೊದಲು, ಜರ್ಮನಿಯ ಟ್ಯೂಬಿಂಗನ್‌ನ ವೈದ್ಯ ರುಡಾಲ್ಫ್ ಕಾಮೆರಾರಿಯುಸ್ ಒಂದು ಹೆಣ್ಣು ಹಿಪ್ಪುನೇರಳೆ ಮರವನ್ನು ಗಮನಿಸಿದ. ಹತ್ತಿರದಲ್ಲೆಲ್ಲೂ ಗಂಡು ಮರವಿರಲಿಲ್ಲ. ಹಣ್ಣು ಬಿಟ್ಟಿತ್ತು, ಆದರೆ ಬೀಜವೆಲ್ಲ ಜೊಳ್ಳು. ಹರಳು, ಮುಸುಕಿನ ಜೋಳ, ಪಾಲಕ್‌ ಮೇಲೂ ಪ್ರಯೋಗ ನಡೆಸಿ, ಪರಾಗವಿಲ್ಲದೆ ಬೀಜವಿಲ್ಲವೆಂದು 1694ರಲ್ಲಿ ಪತ್ರರೂಪದ ಗ್ರಂಥದಲ್ಲಿ ಸಾರಿದ. ಆದರೆ ಭಂಗಿ ಗಿಡ ಅವನನ್ನು ಕಾಡಿತು. ಗಂಡುಗಳಿಂದ ದೂರವಿಟ್ಟ ಹೆಣ್ಣು ಗಿಡಗಳೂ ಒಂದಿಷ್ಟು ಬೀಜ ಕಟ್ಟಿದವು. ತನ್ನ ಸಿದ್ಧಾಂತಕ್ಕೆ ಒಗ್ಗದ ಈ ಫಲಿತಾಂಶವನ್ನು ಅವನು ಮುಚ್ಚಿಡದೆ ಬರೆದ. ಒಂದು ಶತಮಾನದ ಬಳಿಕ ಇಟಲಿಯ ಸ್ಪಲ್ಲಾಂಜಾನಿ ಇಂಥದೇ ಪ್ರಯೋಗ ಮಾಡಿ, ಪರಾಗವಿಲ್ಲದೆಯೂ ಬೀಜವಾಗುತ್ತದೆ ಎಂಬ ತಪ್ಪು ತೀರ್ಮಾನಕ್ಕೆ ಬಂದ. ಭಂಗಿಯ ಹೆಣ್ಣು ಗಿಡ ತನ್ನ ತೆನೆಯ ಸಂದಿಯಲ್ಲಿ ಕಣ್ಣಿಗೆ ಬೀಳದ ಒಂದೆರಡು ಗಂಡು ಹೂ ಬಿಡಬಲ್ಲದು. ಇಂಥ ಬೀಜಕ್ಕೆ ಅಷ್ಟು ಸಾಕು.

ಪಂಡಿತರು ವಾದಿಸುತ್ತಿದ್ದಾಗ ಹೊಲದವರಿಗೆ ಕೆಲಸ ಗೊತ್ತಿತ್ತು. ಬ್ರಿಟಿಷ್ ಸರ್ಕಾರ ನೇಮಿಸಿದ ಭಾರತೀಯ ಭಂಗಿ ಮಾದಕ ಆಯೋಗ 1893–94ರಲ್ಲಿ ದೇಶವಿಡೀ ಸಾಕ್ಷ್ಯ ಕೇಳಿತು. ಬಂಗಾಳದ ನೌಗಾಂವ್ ಸೀಮೆಯಲ್ಲಿ ಆಗ ಪರವಾನಗಿ ಪಡೆದು ಗಾಂಜಾ ಬೆಳೆಯುತ್ತಿದ್ದರು. ಅಲ್ಲಿ ಪೊದ್ದಾರ್ ಎಂಬ ಕಸುಬುದಾರನಿದ್ದ. ಗಿಡ ಮೊಗ್ಗಿಗೆ ಬರುವ ಹೊತ್ತಿಗೆ ಸಾಲುಸಾಲಾಗಿ ನಡೆದು, ಹೂ ಅರಳುವ ಮೊದಲೇ ಗಂಡು ಗಿಡ ಗುರುತಿಸಿ ಕೀಳಿಸುವುದು ಅವನ ವಿದ್ಯೆ. ಪರಾಗ ತಗುಲಿದರೆ ಹೆಣ್ಣು ತೆನೆಯ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಮಾಲು ಕೆಡುತ್ತಿತ್ತು. ಒಮ್ಮೆ ಕಿತ್ತರೆ ಮುಗಿಯುತ್ತಿರಲಿಲ್ಲ, ಮತ್ತೆ ಮತ್ತೆ ಹೊಲ ಸುತ್ತಬೇಕಿತ್ತು. ಕಲ್ಕತ್ತಾ ಸಸ್ಯೋದ್ಯಾನದ ಡೇವಿಡ್ ಪ್ರೇನ್ 1893ರ ತನ್ನ ವರದಿಯಲ್ಲಿ ಈ ಬೇಸಾಯವನ್ನು ವಿವರವಾಗಿ ದಾಖಲಿಸಿದ್ದಾನೆ. ಪೊದ್ದಾರನ ಕಣ್ಣನ್ನು ನಾನು ಆ ಕಾಲದ ಸಸ್ಯಶಾಸ್ತ್ರಕ್ಕಿಂತ ಕಡಿಮೆಯೆಂದು ಎಣಿಸಲಾರೆ.

ಗಿಡದ ಲಿಂಗ ಬದಲಾಗಬಲ್ಲದು ಎಂಬುದಕ್ಕೆ ಪ್ರಯೋಗಾಲಯದ ಪುರಾವೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಜೂಲಿಯೆನ್ ಟೂರ್ನುವಾ 1912ರಲ್ಲಿ, ಹಗಲನ್ನು ಮೊಟಕು ಮಾಡಿದರೆ ಭಂಗಿ ಬೇಗ ಹೂ ಬಿಡುತ್ತದೆ ಎಂದು ತೋರಿಸಿದ; ಮೊದಲ ಮಹಾಯುದ್ಧ ಅವನನ್ನು ನುಂಗಿತು, ಕೆಲಸ ಅರ್ಧಕ್ಕೆ ನಿಂತಿತು. 1920ರ ದಶಕದಲ್ಲಿ ಅಮೆರಿಕದ ಓಹಾಯೋದ ಶಾಫ್ನರ್ ಹಗಲಿನ ಉದ್ದ ಬದಲಿಸಿ ಗಂಡು ಗಿಡದಲ್ಲಿ ಹೆಣ್ಣು ಹೂ, ಹೆಣ್ಣು ಗಿಡದಲ್ಲಿ ಗಂಡು ಹೂ ಬರಿಸಿದ. ಅದೇ ಸುಮಾರಿಗೆ ಜಪಾನಿನ ಹಿರಾತ, ಮನುಷ್ಯರಂತೆ ಭಂಗಿಯಲ್ಲೂ ಎಕ್ಸ್ ಮತ್ತು ವೈ ವರ್ಣತಂತುಗಳಿವೆ ಎಂದ. ವರ್ಣತಂತು ಒಲವನ್ನು ಕೊಡುತ್ತದೆ, ಹೂವಾಗುವ ಹೊತ್ತಿನ ಬೆಳಕು ಮತ್ತು ರಸಗಳು ಅದನ್ನು ತಿರುಗಿಸಬಲ್ಲವು ಎಂಬ ತಿಳಿವಳಿಕೆ ನಿಧಾನವಾಗಿ ಬಲಿಯಿತು. 1956ರಲ್ಲಿ ಇಂಗ್ಲೆಂಡಿನ ಹೆಸ್ಲಪ್-ಹ್ಯಾರಿಸನ್ ಆಕ್ಸಿನ್ ಎಂಬ ಸಸ್ಯರಸವನ್ನು ಹಚ್ಚಿ ಗಂಡು ಭಂಗಿಯಲ್ಲಿ ಹೆಣ್ಣು ಹೂ ಮೂಡಿಸಿದ.

ನಾರಿಗಾಗಿ ಭಂಗಿ ಬೆಳೆಯುತ್ತಿದ್ದ ಯುರೋಪಿಗೆ ದ್ವಿಲಿಂಗಿತನ ವರವಾಗಿತ್ತು. ಗಂಡು ಗಿಡ ಬೇಗ ಒಣಗುತ್ತದೆ, ಹೆಣ್ಣು ತಡ; ಎರಡನ್ನೂ ಒಟ್ಟಿಗೆ ಕೊಯ್ಯಲಾಗದು. ಅದಕ್ಕಾಗಿ ಒಂದೇ ಗಿಡದಲ್ಲಿ ಎರಡೂ ಹೂ ಬಿಡುವ ತಳಿಗಳನ್ನು ಅಲ್ಲಿನವರು ರೂಪಿಸಿಕೊಂಡರು. ಇಂದಿಗೂ ಫ್ರಾನ್ಸಿನ ನಾರಿನ ತಳಿಗಳು ಹೆಚ್ಚಾಗಿ ಅಂಥವೇ.

ಈಗ ಎಚ್.ವೈ. ಮೋಹನರಾಮ್ ಅವರ ಮಾತು. ವಾಗ್ಗೇಯಕಾರ, ಸಂಸ್ಕೃತ ವಿದ್ವಾಂಸ ಹೊಳೆನರಸೀಪುರದ ಯೋಗನರಸಿಂಹಂ ಅವರ ಮಗ; ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದ್ ಅವರ ತಮ್ಮ. 1930ರಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಿ. ಮಹೇಶ್ವರಿಯವರ ಬಳಿ ಪಳಗಿ, ಅಲ್ಲೇ ಪ್ರಾಧ್ಯಾಪಕರಾದರು. ಉತ್ತರ ಭಾರತದಲ್ಲಿ ಕಳೆಯಂತೆ ಹಬ್ಬಿರುವ ಭಂಗಿ ಅವರಿಗೆ ಸಂಶೋಧನೆಯ ಗಿಡವಾಯಿತು. 1970ರಲ್ಲಿ ಅವರೂ ವಿ.ಎಸ್. ಜೈಸ್ವಾಲರೂ ಎಥ್ರೆಲ್ ಬಳಸಿ ಗಂಡು ಗಿಡದಲ್ಲಿ ಹೆಣ್ಣು ಹೂ ತರಿಸಿದರು. ಹಣ್ಣು ಮಾಗಿಸುವ ಎಥಿಲೀನ್ ಅನಿಲವನ್ನು ಬಿಡುವ ರಾಸಾಯನಿಕವಿದು. 1972ರಲ್ಲಿ ಅವರು ಹೆಣ್ಣು ಗಿಡಕ್ಕೆ ಜಿಬ್ಬರೆಲಿನ್ ಕೊಟ್ಟು ಗಂಡು ಹೂ ಬರಿಸಿದರು, ಅಬ್ಸಿಸಿಕ್ ಆಮ್ಲ ಅದನ್ನು ತಡೆಯುತ್ತದೆಂದೂ ತೋರಿಸಿದರು. ಅಂದರೆ ಎಥಿಲೀನ್ ಹೆಣ್ಣುತನದ ಕಡೆ, ಜಿಬ್ಬರೆಲಿನ್ ಗಂಡುತನದ ಕಡೆ.

ಮುಖ್ಯ ಹೆಜ್ಜೆ 1982ರದು. ಬೆಳ್ಳಿಯ ಅಯಾನು ಎಥಿಲೀನಿನ ಕೆಲಸವನ್ನು ತಡೆಯುತ್ತದೆ ಎಂಬುದು 1976ರಲ್ಲೇ ಅಮೆರಿಕದ ಬೇಯರ್ ಅವರ ಪ್ರಯೋಗಗಳಿಂದ ತಿಳಿದಿತ್ತು. ಮೋಹನರಾಮ್ ಮತ್ತು ಆರ್. ಸೆಟ್ ಸಿಲ್ವರ್ ನೈಟ್ರೇಟ್ ಹಾಗೂ ಸಿಲ್ವರ್ ಥಯೋಸಲ್ಫೇಟ್ ಬಳಸಿ, ಹುಟ್ಟಿನಿಂದ ಹೆಣ್ಣಾದ ಭಂಗಿಯಲ್ಲಿ ಫಲವಂತ ಪರಾಗ ಹೊತ್ತ ಗಂಡು ಹೂಗಳನ್ನೇ ಮೂಡಿಸಿದರು. ಆ ಪರಾಗದಲ್ಲಿ ವೈ ಎಂಬುದೇ ಇಲ್ಲ, ಇರುವುದೆಲ್ಲ ಎಕ್ಸ್. ಅದನ್ನು ಇನ್ನೊಂದು ಹೆಣ್ಣಿಗೆ ಕೊಟ್ಟರೆ ಹುಟ್ಟುವುದೆಲ್ಲ ಹೆಣ್ಣು. ಇಂದು ಗಾಂಜಾ ಬೇಸಾಯ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಹೆಣ್ಣು ಬೀಜವೆಂದು ಮಾರಾಟವಾಗುವುದರ ಹಿಂದೆ ಇರುವುದು ಇದೇ ತತ್ತ್ವ. ಗಿಡವೊಂದರ ಒಳಗುಟ್ಟು ತಿಳಿಯುವ ಹಂಬಲದಿಂದ ನಡೆದ ಕೆಲಸ ಅಷ್ಟು ದೂರ ಸಾಗಿತು. ಮೋಹನರಾಮ್ 2018ರಲ್ಲಿ ತೀರಿಕೊಂಡರು. ಅದೇ ವರ್ಷ ಕೆನಡಾ ಗಾಂಜಾವನ್ನು ಕಾನೂನುಬದ್ಧಗೊಳಿಸಿತು. ಅಲ್ಲಿನ ಪುಂಜಾ ಮತ್ತು ಹೋಮ್ಸ್ 2020ರಲ್ಲಿ, ಒಳಾಂಗಣ ಬೆಳೆಯಲ್ಲಿ ಹೆಣ್ಣು ತೆನೆಯೊಳಗೆ ತಾನಾಗಿಯೇ ಕೇಸರ ಮೂಡುವುದನ್ನು ಅಧ್ಯಯನ ಮಾಡಿ, ಅಂಥ ಹೂಗಳ ಬೀಜದಿಂದ ಬಂದ ಸಸಿಗಳೆಲ್ಲ ಹೆಣ್ಣೆಂದು ಕಂಡರು. ಕಾಮೆರಾರಿಯುಸ್ ಬಿಡಿಸಲಾಗದ ಒಗಟಿಗೆ ಇಷ್ಟು ತಡವಾಗಿ ತಳಿಶಾಸ್ತ್ರದ ಉತ್ತರ ಸಿಕ್ಕಿತು.

ಇದರಿಂದ ಮಂಡ್ಯದ ಹೊಲಕ್ಕೇನು? ಮೊದಲನೆಯದು ಸೌತೆ. ಹೆಣ್ಣು ಹೂವೇ ಹೆಚ್ಚಿರುವ ತಳಿಗಳ ಬೀಜ ಉಳಿಸಿಕೊಳ್ಳಲು, ಅವುಗಳಲ್ಲಿ ಗಂಡು ಹೂ ತರಿಸಲು ಬೀಜ ಕಂಪನಿಗಳು ಜಿಬ್ಬರೆಲಿನ್ ಅಥವಾ ಬೆಳ್ಳಿಯ ಲವಣ ಬಳಸುತ್ತವೆ. ಕರ್ನಾಟಕ ಗುತ್ತಿಗೆಯಲ್ಲಿ ಬೆಳೆದು ಹೊರದೇಶಕ್ಕೆ ಕಳಿಸುವ ಮಿಡಿಸೌತೆಯ ಹಿಂದೆಯೂ ಈ ವಿದ್ಯೆಯಿದೆ.

ಭತ್ತದ ಕಥೆ ಇನ್ನೂ ಹತ್ತಿರದ್ದು. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನ ಭತ್ತದ ಹೂ ಹುಟ್ಟಾ ದ್ವಿಲಿಂಗಿ. ತನ್ನ ಪರಾಗವನ್ನು ತಾನೇ ಪಡೆಯುತ್ತದೆ. ಸಂಕರ ತಳಿ ಬೇಕೆಂದರೆ ಗಂಡುತನವನ್ನು ಇಲ್ಲವಾಗಿಸಬೇಕು. ಚೀನಾದ ಹೈನಾನ್ ದ್ವೀಪದಲ್ಲಿ 1970ರಲ್ಲಿ ಸಿಕ್ಕ, ಪರಾಗ ಬಂಜೆಯಾದ ಕಾಡು ಭತ್ತವೊಂದು ದಾರಿ ತೆರೆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಪರಾಗ ಬಂಜೆ ಸಾಲು ಐಆರ್ 58025ಎ ಮತ್ತು ಮಂಡ್ಯದ್ದೇ ಆದ ಕೆಎಂಆರ್ 3 ಸೇರಿಸಿ ರೂಪಿಸಿದ ಕೆಆರ್‌ಎಚ್–2 ಸಂಕರ ಭತ್ತ 1996ರಲ್ಲಿ ಬಿಡುಗಡೆಯಾಯಿತು. ಅದರ ಬೀಜೋತ್ಪಾದನೆ ಮಾಡುವವರು ಹೂವಿನ ದಿನಗಳಲ್ಲಿ ಮುಂಜಾನೆಯೇ ಗದ್ದೆಗಿಳಿದು, ಬಂಜೆ ಸಾಲಿನಲ್ಲಿ ಹಳದಿ ಕೇಸರ ಚೆಲ್ಲಿಕೊಂಡು ನಿಂತ ಕಲಬೆರಕೆ ಗಿಡಗಳನ್ನು ಒಂದೊಂದಾಗಿ ಕೀಳಬೇಕು. ಒಂದು ದಿನ ತಪ್ಪಿದರೂ ಆ ಗಿಡ ಸುತ್ತಲ ಬೀಜವನ್ನು ಕೆಡಿಸುತ್ತದೆ. ನೌಗಾಂವ್‌ನ ಪೊದ್ದಾರನ ಕೆಲಸವೇ ಇದು, ಬೆಳೆ ಮಾತ್ರ ಬೇರೆ.

ನಾಗಮಂಗಲದ ಒಣ ಹೊಲದ ರಾಗಿಯದು ಇನ್ನೂ ಸಣ್ಣ ಹೂ. ಕೇಸರ ಕಿತ್ತು ಸಂಕರ ಮಾಡುವುದು ಕಣ್ಣಿಗೂ ಕೈಗೂ ಕಠಿಣ. ಅಂಥ ಹೂವಿನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯನವರ ತಾಳ್ಮೆಯನ್ನು ನೆನೆಯದೆ ಈ ಸಮೀಕ್ಷೆ ಮುಂದಕ್ಕೆ ಹೋಗಲಾರದು.

ಪರಂಗಿಯಲ್ಲಿ ಮಾತ್ರ ವಿದ್ಯೆಗೂ ಹೊಲಕ್ಕೂ ನಡುವೆ ಅಂತರ ಉಳಿದುಬಿಟ್ಟಿದೆ. ಹಾಫ್ಮೇಯರ್ ಮತ್ತು ಸ್ಟೋರಿ 1938ರಲ್ಲೇ ಅದರ ಲಿಂಗಾನುವಂಶೀಯತೆಯನ್ನು ಬಿಡಿಸಿಟ್ಟರು: ದ್ವಿಲಿಂಗಿಯ ಹೂವಿಗೆ ಅದರದೇ ಪರಾಗ ಕೊಟ್ಟರೆ ಬೀಜದಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು. 2004ರಲ್ಲಿ ಅದರ ವೈ ವರ್ಣತಂತು ಇನ್ನೂ ಎಳೆಯದೆಂದು ತಿಳಿಯಿತು. ದ್ವಿಲಿಂಗಿ ಗಿಡ ಬಿಸಿಲು ಹೆಚ್ಚಾದರೆ ಅಂಡಾಶಯ ಸೊರಗಿ ಬರೀ ಗಂಡು ಹೂ ಬಿಡುತ್ತದೆ. ಚಳಿಯಲ್ಲಿ ಕೇಸರಗಳು ಅಂಡಾಶಯಕ್ಕೆ ಅಂಟಿ ಕಾಯಿ ವಿಕಾರವಾಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಯಿ ನಿಂತುಹೋದಾಗ ಗಿಡ ಗಂಡಾಯಿತೆಂದು ಕಡಿದುಹಾಕುವ ಅವಸರ ಬೇಡ. ನೀರು, ಮುಚ್ಚಿಗೆ ಸರಿಯಾಗಿದ್ದು ಬಿಸಿಲು ಇಳಿದರೆ ಅದೇ ಗಿಡ ಮತ್ತೆ ಉದ್ದ ಕಾಯಿ ಕಟ್ಟುತ್ತದೆ.

ಎಳೆಯ ಎಲೆಯ ತುಣುಕಿನಿಂದ ಸಸಿಯ ಲಿಂಗ ಹೇಳುವ ಡಿಎನ್‌ಎ ಪರೀಕ್ಷೆ ಎರಡು ದಶಕಗಳಿಂದ ಲಭ್ಯವಿದೆ. ಅದು ನರ್ಸರಿಯ ಮಟ್ಟಕ್ಕೆ ಇಳಿದರೆ ಗುಂಡಿಗೆ ಮೂರು ಸಸಿಯ ಬದಲು ಒಂದೇ ಸಾಕು, ಹೂವಿನವರೆಗಿನ ಗೊಬ್ಬರ ನೀರೂ ಉಳಿಯುತ್ತದೆ. ತೋಟಗಾರಿಕೆ ಇಲಾಖೆಯಾಗಲಿ, ವಿಶ್ವವಿದ್ಯಾಲಯವಾಗಲಿ ಒಂದು ತಾಲ್ಲೂಕಿನ ಸಸಿಗಳಲ್ಲಾದರೂ ಇದನ್ನು ಮಾಡಿ ತೋರಿಸಲಿ. ಹೇಮಾವತಿ ನಾಲೆಯ ನೀರು ಕಾಣುವ ಕೆ.ಆರ್. ಪೇಟೆಯಿಂದಲೇ ಆರಂಭಿಸಬಹುದು.