ಒಪ್ಪದ ಅಳತೆಗಳು: ನೀಲಗಿರಿಯಿಂದ ಶರಾವತಿಯವರೆಗೆ

ತಾಳವಾಡಿ ಬೆಟ್ಟಗಳ ಮಡಿಲಲ್ಲಿ ನಮ್ಮ ಶಾಲೆ ಕಳೆದ ನೂರು ವರ್ಷಗಳು, ವಿಶ್ವವನ್ನು ಕುರಿತ ಮನುಷ್ಯನ ತಿಳಿವು ಬುಡಮಟ್ಟದಿಂದ ಬದಲಾದ ವರ್ಷಗಳೂ ಹೌದು. ಆ ಇತಿಹಾಸದ ಎರಡು ಮುಖ್ಯ ಪುಟಗಳು ನಮ್ಮ ನೆರೆಯಲ್ಲಿಯೇ ಬರೆಯಲ್ಪಟ್ಟಿವೆ ಎಂಬುದನ್ನು ಈ ಸಂಚಿಕೆಯಲ್ಲಿ ದಾಖಲಿಸುವುದು ಉಚಿತವೆಂದು ಭಾವಿಸಿದ್ದೇವೆ.

1929ರಲ್ಲಿ ಎಡ್ವಿನ್ ಹಬಲ್, ಗೆಲಾಕ್ಸಿಗಳು ದೂರವಿದ್ದಷ್ಟೂ ಹೆಚ್ಚು ವೇಗದಿಂದ ನಮ್ಮಿಂದ ಸರಿಯುತ್ತಿವೆ ಎಂದು ತೋರಿಸಿದರು. ಆದರೆ ಅವರ ಅಳತೆಯಂತೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವಷ್ಟೇ; ಭೂಮಿಯ ವಯಸ್ಸು ಅದಕ್ಕಿಂತ ಹೆಚ್ಚು! ಮಗಳಿಗಿಂತ ತಾಯಿ ಚಿಕ್ಕವಳಾದಂತಹ ಈ ವಿರೋಧಕ್ಕೆ ಒಂದು ಪರಿಹಾರವಾಗಿ 1948ರಲ್ಲಿ ಬಾಂಡಿ, ಗೋಲ್ಡ್ ಮತ್ತು ಹಾಯ್ಲ್, ಆದಿಯೂ ಅಂತ್ಯವೂ ಇಲ್ಲದ ಸ್ಥಿರಸ್ಥಿತಿಯ ವಿಶ್ವವನ್ನು ಪ್ರತಿಪಾದಿಸಿದರು. 1964ರಲ್ಲಿ ಹಾಯ್ಲ್ ಅವರೊಡನೆ ಜಯಂತ ನಾರಳೀಕರರು ಐನ್‌ಸ್ಟೈನರ ಗುರುತ್ವ ಸಿದ್ಧಾಂತಕ್ಕೇ ಹೊಸ ರೂಪವೊಂದನ್ನು ಸೂಚಿಸಿದರು. ಹಬಲರ ದೂರದ ಲೆಕ್ಕದಲ್ಲಿಯೇ ದೋಷವಿತ್ತೆಂಬುದು 1950ರ ದಶಕದಲ್ಲಿ ತಿಳಿಯಿತಾದರೂ ವಾದ ಮುಗಿಯಲಿಲ್ಲ.

ಆ ವಾದಕ್ಕೆ ಸಾಕ್ಷ್ಯ ಒದಗಿಸಿದವುಗಳಲ್ಲಿ ನೆರೆಯ ನೀಲಗಿರಿಯೂ ಒಂದು. ಉದಕಮಂಡಲದ ಬಳಿಯ ಮುತ್ತೊರೈಯಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕವು 1970ರಲ್ಲಿ ಕಾರ್ಯಾರಂಭ ಮಾಡಿತು. ಆ ಸ್ಥಳದ ಅಕ್ಷಾಂಶ ಸುಮಾರು 11 ಡಿಗ್ರಿ. ಬೆಟ್ಟದ ಇಳಿಜಾರೂ ಅಷ್ಟೇ. ಹೀಗಾಗಿ ಅದರ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾಂತರವಾಯಿತು. ಒಂದೇ ಅಕ್ಷದ ಸುತ್ತ ತಿರುಗಿಸಿ ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಲು ಸಾಧ್ಯವಾಯಿತು. ಚಂದ್ರನು ರೇಡಿಯೋ ಆಕರಗಳನ್ನು ಮರೆಮಾಡುವ ಕ್ಷಣವನ್ನು ಬಳಸಿ ಅವುಗಳ ಗಾತ್ರವನ್ನು ಅಳೆಯಲಾಯಿತು. 1975ರಲ್ಲಿ ಸ್ವರೂಪ್ ಮತ್ತು ವಿಜಯ್ ಕಪಾಹಿ ಪ್ರಕಟಿಸಿದ ಫಲಿತಾಂಶಗಳು, ವಿಶ್ವವು ಕಾಲದೊಡನೆ ಬದಲಾಗಿದೆ ಎಂಬ ಪಕ್ಷವನ್ನು ಬಲಪಡಿಸಿದವು.

ಎರಡನೆಯ ಪುಟ ಕರ್ನಾಟಕದ ನೀರಿನ ಮೇಲಿನದು. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಎಂಬ ಉಪಕರಣ, ಮೊದಲ ನಕ್ಷತ್ರಗಳ ಕಾಲದ ಸಂಕೇತವನ್ನು ಕಂಡಿತೆಂಬ ಸುದ್ದಿ ಬಂತು. ಅದು ನಿರೀಕ್ಷೆಯ ಎರಡು ಪಟ್ಟಿಗೂ ಮೀರಿ ಪ್ರಬಲವಾಗಿದ್ದುದರಿಂದ ಹೊಸ ಭೌತಶಾಸ್ತ್ರವೇ ಬೇಕೆಂದು ಹಲವರು ವಾದಿಸಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮಾತ್ರ ಮತ್ತೊಮ್ಮೆ ಅಳೆಯಲು ಹೊರಟರು. ಆಂಟೆನಾದ ಕೆಳಗಿನ ನೆಲ ಏಕರೂಪವಾಗಿಲ್ಲದಿದ್ದರೆ ಅದೇ ಸುಳ್ಳು ಸಂಕೇತವನ್ನು ಹುಟ್ಟಿಸಬಲ್ಲದು. ಆದುದರಿಂದ ತಮ್ಮ ‘ಸರಸ್’ ಉಪಕರಣವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆ ಹಾಗೂ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ಆ ಸಂಕೇತ ಅಲ್ಲಿ ಕಾಣಲಿಲ್ಲ. 2022ರಲ್ಲಿ, 95.3 ಪ್ರತಿಶತ ವಿಶ್ವಾಸದೊಡನೆ, ಆ ಹೇಳಿಕೆಯನ್ನು ಅವರು ಅಲ್ಲಗಳೆದರು.

ಇಂದು ಮತ್ತೊಂದು ವಿರೋಧ ಎದುರಿಗಿದೆ. ಆದಿವಿಶ್ವದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಂತೆ ವಿಶ್ವದ ಹಿಗ್ಗುವಿಕೆಯ ದರ 67.4, ಹತ್ತಿರದ ನಕ್ಷತ್ರಸ್ಫೋಟಗಳನ್ನು ಆಧರಿಸಿದ ಅಳತೆಯಂತೆ ಸುಮಾರು 73. ಅಂದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಇಷ್ಟು ಕಿಲೋಮೀಟರ್. ಆದಿಯಲ್ಲಿ ಗುರುತ್ವವೇ ಕೊಂಚ ಪ್ರಬಲವಾಗಿದ್ದು ವಿಶ್ವ ಬೇಗ ಹಿಗ್ಗಿದ್ದರೆ ಈ ಅಂತರ ಕಿರಿದಾದೀತೆಂಬುದು ಕೆಲವರ ವಾದ. ಅಳತೆಯಲ್ಲಿಯೇ ದೋಷವಿರಬಹುದೆಂಬುದು ಇತರರ ಶಂಕೆ. ಹಿಂದೆ ಎರಡೂ ಬಗೆಯ ಉತ್ತರಗಳನ್ನು ಪರೀಕ್ಷಿಸಬೇಕಾಗಿ ಬಂದಿತ್ತು. ಈಗಲೂ ಅದೇ ದಾರಿ.

ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದ ಮಗು ದೊಡ್ಡ ವಿಜ್ಞಾನವನ್ನು ಮುಟ್ಟೀತೇ ಎಂದು ತಂದೆತಾಯಂದಿರು ಕೇಳುವುದುಂಟು. ಆ ವಿಜ್ಞಾನ ನೆರೆಯ ಬೆಟ್ಟದ ಇಳಿಜಾರಿನಲ್ಲಿ, ನಮ್ಮ ಭಾಷೆಯ ನಾಡಿನ ಕೆರೆಯಲ್ಲಿ ನಡೆದಿದೆ. ಅದನ್ನು ಕನ್ನಡದಲ್ಲಿ ಹೇಳಲೂ ಬರುತ್ತದೆ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ತರಗತಿಗಳಲ್ಲಿ, ಎರಡು ಉತ್ತರಗಳು ಒಪ್ಪದಿದ್ದಾಗ ಒಂದನ್ನು ಅಳಿಸಿಬಿಡದೆ ಮರಳಿ ಅಳೆಯುವ ಅಭ್ಯಾಸ ಬೆಳೆಯಲೆಂದು ಹಾರೈಸುತ್ತೇವೆ.