ಅಜ್ಜನ ಹೆಸರು ಬೇಡ, ಕಸುಬು ಹೇಳಿ

ಉತ್ತರ ಕರ್ನಾಟಕದ ಯಾವುದಾದರೂ ಊರಿನ ಮತದಾರರ ಪಟ್ಟಿ ತೆಗೆದು ನೋಡಿ. ಬಡಿಗೇರ, ಕಮ್ಮಾರ, ಪತ್ತಾರ, ಗಾಣಿಗೇರ, ಹೂಗಾರ, ಅಂಬಿಗೇರ, ನದಾಫ, ಬಾಗವಾನ, ಅತ್ತಾರ... ಇವತ್ತು ಇವೆಲ್ಲ ಬರೀ ಅಡ್ಡಹೆಸರು. ಒಂದು ಕಾಲಕ್ಕೆ ಒಂದೊಂದೂ ಒಂದು ಮನೆಯ ದುಡಿಮೆ. ನದಾಫ ಅಂದ್ರೆ ಹತ್ತಿ ಹಿಂಜುವವರು. ಬಾಗವಾನ ಅಂದ್ರೆ ಹಣ್ಣಿನ ವ್ಯಾಪಾರದವರು. ಅತ್ತಾರ ಅಂದ್ರೆ ಅತ್ತರು ಮಾರುವವರು. ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೋಡ್ ಬರೆಯುವ ಗಾಣಿಗೇರ ಹುಡುಗನ ಕೊರಳಿನ ಐಡಿ ಕಾರ್ಡಿನಲ್ಲಿ ಗಾಣ ಇನ್ನೂ ತಿರುಗುತ್ತಲೇ ಇದೆ.

ತಮ್ಮ ವಂಶ ಹುಡುಕಲು ಹೊರಟವರು ಸಾಮಾನ್ಯವಾಗಿ ಹೆಸರು ಹಿಡಿದು ಹೊರಡುತ್ತಾರೆ. ಮೂರನೇ ತಲೆಮಾರಿಗೆ ಗಾಡಿ ನಿಂತುಬಿಡುತ್ತದೆ. ಯಾಕೆ ಹೇಳಿ? ನಮ್ಮಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಒಂದೇ ಊರಲ್ಲಿ ಒಂದೇ ಕಾಲಕ್ಕೆ ಹತ್ತು ಬಸಪ್ಪ ಇರುತ್ತಾರೆ. ನಾನು ಓದಿದ್ದು ಎಂಜಿನಿಯರಿಂಗ್. ಡೇಟಾಬೇಸ್ ಪಾಠದಲ್ಲಿ ಮೊದಲು ಹೇಳಿಕೊಡುವುದೇ ಪ್ರೈಮರಿ ಕೀ, ಅಂದ್ರೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವ ಗುರುತು. ನಮ್ಮ ಹಳ್ಳಿಗಳಲ್ಲಿ ಆ ಗುರುತು ಹೆಸರು ಆಗಿರಲೇ ಇಲ್ಲ. ಊರು ಮತ್ತು ಕಸುಬು, ಎರಡೂ ಸೇರಿದರೇನೇ ಮನುಷ್ಯ ಸಿಗೋದು.

ಬ್ರಿಟನ್ನಿನವರಿಗೆ ಈ ಕೆಲಸ ಸುಲಭ. ಅಲ್ಲಿನ ಜನಗಣತಿಯ ಮನೆಮನೆ ಹಾಳೆಗಳು ನೂರು ವರ್ಷ ಕಳೆದ ಮೇಲೆ ಜನರಿಗೆ ತೆರೆದುಕೊಳ್ಳುತ್ತವೆ. 1921ರ ಹಾಳೆಗಳು 2022ರಲ್ಲಿ ಹೊರಬಂದವು. ಮುತ್ತಾತ ಕಮ್ಮಾರನೋ ಗಣಿ ಕೆಲಸದವನೋ, ಯಾರ ಹತ್ತಿರ ದುಡಿಯುತ್ತಿದ್ದ, ಎಲ್ಲ ಅದರಲ್ಲೇ ಇದೆ. ನಮ್ಮಲ್ಲೂ ಬ್ರಿಟಿಷರ ಕಾಲದಿಂದ ಜನಗಣತಿ ನಡೆದಿದೆ. ಆದರೆ ನಮ್ಮ ಕೈಗೆ ಸಿಗೋದು ಒಟ್ಟು ಲೆಕ್ಕ ಮಾತ್ರ. ಸ್ವಾತಂತ್ರ್ಯ ಬಂದ ಮೇಲಿನ ಗಣತಿಯ ಮನೆ ಹಾಳೆ ನೋಡೋಣ ಅಂದ್ರೆ 1948ರ ಜನಗಣತಿ ಕಾಯ್ದೆ ಅದಕ್ಕೆ ಬೀಗ ಹಾಕಿದೆ.

ಹಾಗಾದ್ರೆ ದಾರಿ ಯಾವುದು? ದುಡ್ಡಿನ ಜಾಡು. ಸರ್ಕಾರ ಆಗಲಿ, ಅರಸ ಆಗಲಿ, ಸುಮ್ಮನೆ ಯಾರ ಕಸುಬನ್ನೂ ಬರೆದಿಟ್ಟವರಲ್ಲ. ಒಂದೋ ತೆರಿಗೆ ಕೀಳಬೇಕು, ಇಲ್ಲವೇ ಸಂಬಳದ ಬದಲು ಏನಾದರೂ ಕೊಡಬೇಕು. ಆಗ ಮಾತ್ರ ಲೇಖನಿ ಎದ್ದೇಳುತ್ತದೆ. ನಮ್ಮ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ ಅಂತ ಬರುವುದು ಇದೇ ಕಾರಣಕ್ಕೆ. ನಂದಾದೀಪಕ್ಕೆ ಒಂದೊಂದು ಗಾಣದಿಂದ ಇಷ್ಟಿಷ್ಟು ಎಣ್ಣೆ ಅಂತ ಕಲ್ಲಿನ ಮೇಲೆ ಕೊರೆದಿದ್ದಾರೆ. ಗಾಣದ ಲೆಕ್ಕ ಸಿಗುತ್ತದೆ, ಗಾಣಿಗನ ಹೆಸರು ಸಿಗೋದು ಅಪರೂಪ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನು ಕೂಡ ಬರೆದಿಟ್ಟ. ಅವನಿಗೂ ಬೇಕಾಗಿದ್ದದ್ದು ಕಸುಬು. ಕಂಪನಿ ಸರ್ಕಾರಕ್ಕೆ ಹೊಸ ನಾಡಿನ ಆದಾಯ ಗೊತ್ತಾಗಬೇಕಿತ್ತು, ಅಷ್ಟೇ.

ಇನ್ನು ಹನ್ನೆರಡು ಆಯಗಾರರ ವಿಷಯ. ಗೌಡ, ಶಾನುಭೋಗ, ಬಡಗಿ, ಕಮ್ಮಾರ, ಕುಂಬಾರ, ಅಗಸ, ತಳವಾರ, ತೋಟಿ, ನೀರಗಂಟಿ... ಸುಗ್ಗಿಯಲ್ಲಿ ಕಣದಿಂದಲೇ ಇವರ ಪಾಲು ಹೋಗುತ್ತಿತ್ತು. ಅದರ ಜೊತೆಗೆ ಕೆಲವರಿಗೆ ಇನಾಮು ಜಮೀನು. ನೀರಗಂಟಿಯನ್ನೇ ತೆಗೆದುಕೊಳ್ಳಿ. ಕೆರೆ ತೂಬು ಎತ್ತುವವನು, ಇಳಿಸುವವನು ಅವನೇ. ಈ ರಾತ್ರಿ ಯಾರ ಗದ್ದೆಗೆ ನೀರು, ನಾಳೆ ಯಾರದ್ದಕ್ಕೆ, ಕೆರೆ ಅರ್ಧ ತುಂಬಿದ ವರ್ಷ ಕೊನೇ ಗದ್ದೆಯವನಿಗೆ ಎಷ್ಟು, ಎಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಊರಿನ ದೊಡ್ಡ ಜಮೀನ್ದಾರನೂ ಬೇಸಿಗೆ ಬೆಳೆ ಇಡುವಾಗ ಅವನ ಮುಖ ನೋಡಬೇಕಿತ್ತು. ಆದರೆ ಹೆಚ್ಚು ಕಡೆ ಅವನ ಮನೆ ಇದ್ದದ್ದು ಊರ ಹೊರಗೆ. ನೀರು ಹಂಚುವ ಕೈ ಬೇಕು, ಆ ಕೈ ಬಾವಿ ಹಗ್ಗ ಮುಟ್ಟಬಾರದು! ಇದನ್ನು ಪರಂಪರೆ ಅಂತ ಹಾಡಿ ಹೊಗಳುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಅವನ ಚಾಕರಿಗೆ ಬಿಟ್ಟ ತುಂಡು ಜಮೀನು ದಾಖಲೆಗೆ ಸೇರಿತು. ಮೈಸೂರಲ್ಲಿ 1908ರ ಗ್ರಾಮ ಹುದ್ದೆಗಳ ಕಾಯ್ದೆ, ಮುಂಬೈ ಕರ್ನಾಟಕದಲ್ಲಿ 1874ರ ವತನ್ ಕಾಯ್ದೆ. ಯಾವ ಹುದ್ದೆ, ಯಾರ ಮನೆತನ, ಯಾವ ಸರ್ವೆ ನಂಬರ್, ಹುದ್ದೆದಾರ ಸತ್ತ ಮೇಲೆ ಯಾರು, ಎಲ್ಲವೂ ಸರ್ಕಾರಿ ಕಾಗದಕ್ಕೆ ಬಂತು. ಹೆಸರು ಸಿಗದ ಮನೆತನಗಳ ವಂಶವೃಕ್ಷ ಇಲ್ಲಿ ಸಿಗುತ್ತದೆ ಅಂದ್ರೆ ನಂಬಿ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂತು. 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಹುದ್ದೆ ಹೋಯಿತು, ಇನಾಮು ಜಮೀನು ಸರ್ಕಾರಕ್ಕೆ ಸೇರಿತು. ಆ ಮನೆತನದವರು ಅರ್ಜಿ ಹಾಕಿ, ನಿಗದಿಯಾದ ಹಣ ಕಟ್ಟಿದರೆ ವಾಪಸ್ ಮಂಜೂರು, ಅದೇ ರೀಗ್ರಾಂಟ್. ಸಮಸ್ಯೆ ಶುರುವಾಗಿದ್ದೇ ಇಲ್ಲಿಂದ. ಅರ್ಜಿ ಹಾಕಿದವನು ಒಬ್ಬ ಅಣ್ಣ. ಉಳಿದ ತಮ್ಮಂದಿರು? ಕೂಲಿಗೆ ಊರು ಬಿಟ್ಟ ದಾಯಾದಿಗಳು? ರೀಗ್ರಾಂಟ್ ಒಬ್ಬನ ಹೆಸರಿಗೆ ಆಗಿದ್ದರೂ ಜಮೀನು ಅವಿಭಕ್ತ ಕುಟುಂಬದ್ದೇ, ಅದರಲ್ಲಿ ಪಾಲು ಕೇಳಬಹುದು ಅಂತ 1982ರಲ್ಲಿ ವತನ್ ಜಮೀನಿನ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಮುತ್ತಾತ ತಳವಾರಿಕೆ ಮಾಡಿದ್ದನೋ ಇಲ್ಲವೋ ಅನ್ನೋದು ಕೇವಲ ಕುತೂಹಲದ ಪ್ರಶ್ನೆ ಅಲ್ಲ. ಎರಡು ಎಕರೆಯ ಪ್ರಶ್ನೆ, ಒಂದು ಮನೆಯ ಹೊಟ್ಟೆಪಾಡಿನ ಪ್ರಶ್ನೆ. ಆ ಜಮೀನು ಹೆದ್ದಾರಿ ಪಕ್ಕಕ್ಕೇನಾದರೂ ಬಂದಿದ್ದರೆ ಕೇಳಲೇಬೇಡಿ.

ಹುಡುಕುವುದು ಹೇಗೆ ಅಂತೀರಾ? ಇವತ್ತಿನ ಕಂಪ್ಯೂಟರ್ ಪಹಣಿಯಿಂದ ಹಿಂದಕ್ಕೆ ನಡೆಯಿರಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಅದಕ್ಕೂ ಹಿಂದಿನ ಹಕ್ಕು ದಾಖಲೆಗಳಿಗೆ ಅರ್ಜಿ ಕೊಡಿ. ‘ತೋಟಿ ಇನಾಮು’, ‘ನೀರಗಂಟಿ ಇನಾಮು’ ಅಂತ ಎಲ್ಲಾದರೂ ಕಂಡರೆ ಅಲ್ಲೇ ನಿಲ್ಲಿ. ಹೊಲದ ಹೆಸರನ್ನೂ ಬಿಡಬೇಡಿ. ಕುಂಬಾರ ಊರು ಬಿಟ್ಟು ಎಷ್ಟೋ ಕಾಲವಾದ ಮೇಲೂ ಜನ ಆ ಹೊಲವನ್ನು ಕುಂಬಾರ ಮಾನ್ಯ ಅಂತಲೇ ಕರೆಯುತ್ತಿರುತ್ತಾರೆ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ ನೀವು ಪುಣ್ಯವಂತರು. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ವಂಶಾವಳಿ ಹೇಳಿ, ಕಾಳು ಕಡಿ ಪಡೆದು ಹೋಗುವುದೇ ಅವರ ಕುಲಕಸುಬು. ಒಬ್ಬರ ಕಸುಬೇ ಇನ್ನೊಬ್ಬರ ವಂಶ ಕಾಯುವುದು!

ಒಂದು ಎಚ್ಚರಿಕೆ. ಕಸುಬು ಸಿಕ್ಕ ಕೂಡಲೇ ಜಾತಿ ಸಿಕ್ಕಿತು ಅಂದುಕೊಳ್ಳಬೇಡಿ. ಪಾಟೀಲ ಅನ್ನೋದು ಹುದ್ದೆ. ಲಿಂಗಾಯತರಲ್ಲೂ ಇದ್ದಾರೆ, ಜೈನರಲ್ಲೂ ಇದ್ದಾರೆ, ಮರಾಠರಲ್ಲೂ ಮುಸ್ಲಿಮರಲ್ಲೂ ಇದ್ದಾರೆ. ಹಾಗೆಯೇ ಅವಮಾನ ತಾಳಲಾರದೆ ಕಸುಬಿನ ಹೆಸರನ್ನು ಕಿತ್ತೆಸೆದು ಊರಿನ ಹೆಸರು ಅಂಟಿಸಿಕೊಂಡ ಮನೆತನಗಳೂ ಇವೆ. ಅವರನ್ನು ಕೆದಕಿ ಕೇಳುವ ಹಕ್ಕು ಹೊರಗಿನವರಿಗೆ ಇಲ್ಲ.

ಈ ಇಡೀ ದಾರಿಯಲ್ಲಿ ನಿಮಗೆ ಅಜ್ಜಂದಿರು ಸಿಗುತ್ತಾರೆ. ಅಜ್ಜಿಯರು ಎಲ್ಲಿ? ಹನ್ನೆರಡು ಆಯದಲ್ಲಿ ಸೂಲಗಿತ್ತಿಗೆ ಒಂದು ಸ್ಥಾನ ಇರಲಿಲ್ಲ. ಊರಿನ ಪ್ರತಿ ಮಗುವನ್ನೂ ಮೊದಲು ಮುಟ್ಟಿದ ಕೈಗೆ ಸಿಕ್ಕಿದ್ದು ಒಂದು ಮೊರ ಅಕ್ಕಿ, ಎಲೆ ಅಡಿಕೆ, ಹೆಚ್ಚೆಂದರೆ ಒಂದು ಸೀರೆ. ಅಕ್ಕಿಗೆ ಸರ್ವೆ ನಂಬರ್ ಇರೋದಿಲ್ಲವಲ್ಲ! ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಅವರಿಗೆ ಈ ವಿದ್ಯೆ ಕಲಿಸಿದ್ದು ಅವರ ಅಜ್ಜಿ. ನಿಮ್ಮ ಮನೆಯ ಹಿರಿಯಜ್ಜಿ ಇನ್ನೂ ಇದ್ದರೆ, ತಾಲ್ಲೂಕು ಕಚೇರಿಗೆ ಹೋಗುವ ಮುಂಚೆ ಅವರ ಪಕ್ಕ ಕೂತು ಒಂದು ಮಾತು ಕೇಳಿ: ‘ಅಜ್ಜಿ, ನಿನ್ನ ಹೆರಿಗೆಗಳನ್ನು ಮಾಡಿಸಿದ್ದು ಯಾರು?’ ಉತ್ತರ ಬಂದರೆ ಬರೆದಿಟ್ಟುಕೊಳ್ಳಿ. ಆ ಹೆಸರು ಬೇರೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.